ಕಾದಂಬರೀ ಪಿತಾಮಹ ಗಳಗನಾಥರು

ಒಂದು ಭಾಷೆಯು ಬಾಳಿ ಬೆಳಗಬೇಕಾದರೆ ಅದರಲ್ಲಿ ಬರೆಯುವವರು ಇದ್ದರೆ ಮಾತ್ರ ಸಾಲದು, ಓದುವವರೂ ಇರಬೇಕು. ಕವಿಯು ಎಷ್ಟೇ ದೊಡ್ಡವನಾಗಿರಲಿ, ಅವನ ಕೃತಿಯನ್ನು ಕೈಗೆತ್ತಿಕೊಳ್ಳುವ ಓದುಗನಿಲ್ಲದಿದ್ದರೆ ಅದು ಪೆಟ್ಟಿಗೆಯಲ್ಲಿ ಹೂತಿಟ್ಟ ಹೊನ್ನಿನಂತೆ ನಿಷ್ಪ್ರಯೋಜಕವಾಗುವುದು. ಕನ್ನಡ ನಾಡಿನಲ್ಲಿ ಬರೆದವರ ಹೆಸರುಗಳನ್ನು ನಾವು ಬಹುವಾಗಿ ಕೇಳಿದ್ದೇವೆ. ಆದರೆ ಓದುವವರನ್ನು ಹುಟ್ಟಿಸುವುದಕ್ಕಾಗಿಯೇ ತಮ್ಮ ಬಾಳನ್ನು ಸವೆಸಿದವರು ಕೆಲವರು ಮಾತ್ರ. ಅಂಥವರಲ್ಲಿ ಅಗ್ರಗಣ್ಯರಾದವರು ಶ್ರೀ ಗಳಗನಾಥರು. ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ಅಲೆದು, ಮನೆಮನೆಯ ಬಾಗಿಲಿಗೆ ಕನ್ನಡವನ್ನು ಮುಟ್ಟಿಸಿದ ಈ ಮಹನೀಯರ ಜೀವನವು ಕನ್ನಡದ ಮಕ್ಕಳೆಲ್ಲರೂ ತಿಳಿದುಕೊಳ್ಳತಕ್ಕದ್ದಾಗಿದೆ.

ಗಳಗನಾಥ ಎಂಬುದು ಅವರ ಹುಟ್ಟುಹೆಸರಲ್ಲ, ಅದು ಕಾವ್ಯನಾಮ. ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಅವರು 1869ನೆಯ ಇಸವಿಯ ಜನವರಿ 5ರಂದು ಹಾವೇರಿಯಲ್ಲಿ ಜನಿಸಿದರು. ಆಗ ಹಾವೇರಿಯು ಧಾರವಾಡ ಜಿಲ್ಲೆಗೆ ಸೇರಿದ್ದಿತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾವೇರಿಯ ಸೀಮೆಯಲ್ಲಿಯೇ ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿ ಗಳಗನಾಥ ಎಂಬ ಸಣ್ಣ ಗ್ರಾಮವಿದೆ. ಕಲ್ಯಾಣದ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವು ಅಲ್ಲಿ ಹೊಳೆಯ ದಂಡೆಯ ಮೇಲೆ ಇಂದಿಗೂ ಗಂಭೀರವಾಗಿ ನಿಂತಿದೆ. ನೂರಾರು ವರ್ಷಗಳ ಮಹಾಪೂರಗಳನ್ನು ತಡೆದು ನಿಂತಿರುವ ಆ ಕಲ್ಲಿನ ಗುಡಿಯ ದೇವರ ಹೆಸರನ್ನೇ ಕುಲಕರ್ಣಿಯವರು ತಮ್ಮ ಬರವಣಿಗೆಗೆ ಇಟ್ಟುಕೊಂಡರು. ಕಾಲಕ್ರಮದಲ್ಲಿ ಜನರು ಅವರ ಸ್ವಂತ ಹೆಸರನ್ನು ಮರೆತು ಗಳಗನಾಥರೆಂದೇ ಕರೆಯತೊಡಗಿದರು.

ಅವರು ಹುಟ್ಟಿದ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ಆಗ ಕನ್ನಡ ನಾಡು ಒಂದಾಗಿರಲಿಲ್ಲ. ಒಂದು ಭಾಗವು ಮೈಸೂರು ಅರಸರ ಸಂಸ್ಥಾನವಾಗಿದ್ದಿತು. ಒಂದು ಭಾಗ ಮದ್ರಾಸು ಪ್ರಾಂತಕ್ಕೆ ಸೇರಿದ್ದಿತು. ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ನಮ್ಮ ಈ ಹೈದರಾಬಾದನ್ನು ರಾಜಧಾನಿಯಾಗಿ ಹೊಂದಿದ್ದ ನಿಜಾಮರ ಸಂಸ್ಥಾನದಲ್ಲಿದ್ದುವು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದುವು. ಮುಂಬಯಿ ಪ್ರಾಂತದಲ್ಲಿ ಮರಾಠಿಯ ಪ್ರಾಬಲ್ಯ ಬಹಳ. ಮನೆಯಲ್ಲಿ ಕನ್ನಡವನ್ನಾಡುವ ಮಕ್ಕಳು ಸಾಲೆಯಲ್ಲಿ ಮರಾಠಿಯನ್ನು ಕಲಿಯುತ್ತಿದ್ದ ದಿನಗಳು ಇನ್ನೂ ಹಿರಿಯರ ನೆನಪಿನಲ್ಲಿದ್ದುವು. ಕಚೇರಿಯ ಕಾಗದ ಪತ್ರಗಳಲ್ಲಿಯೂ, ವಿದ್ಯಾವಂತರ ಮಾತುಕತೆಯಲ್ಲಿಯೂ ಮರಾಠಿಯೇ ಮೆರೆಯುತ್ತಿದ್ದಿತು. ಕನ್ನಡವೆಂದರೆ ಅಡಿಗೆಮನೆಯ ಮಾತು, ಹೊಲಗದ್ದೆಯ ಮಾತು ಎಂದು ಕನ್ನಡಿಗರೇ ಭಾವಿಸಿದ್ದರು.

ಈ ದುಃಸ್ಥಿತಿಯನ್ನು ಕಂಡು ಮರುಗಿದ ಮಹನೀಯರಲ್ಲಿ ಮೊದಲಿಗರು ಡೆಪ್ಯುಟಿ ಚನ್ನಬಸಪ್ಪನವರು. 1834ರಿಂದ 1881ರ ವರೆಗೆ ಬಾಳಿದ ಅವರು ಕನ್ನಡ ಸಾಲೆಗಳನ್ನು ಬೆಳೆಸಿ, ಕನ್ನಡದ ಶಿಕ್ಷಕರನ್ನು ಸಿದ್ಧಗೊಳಿಸಿದರು. ಅವರ ತರುವಾಯ 1890ರ ಜುಲೈ 20ರಂದು ಶ್ರೀ ರಾ. ಹ. ದೇಶಪಾಂಡೆಯವರ ಪ್ರಯತ್ನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಕನ್ನಡದಲ್ಲಿ ಹೊಸ ಗ್ರಂಥಗಳನ್ನು ಬರೆಯಿಸುವುದು, ಒಳ್ಳೆಯ ಗ್ರಂಥಗಳಿಗೆ ಬಹುಮಾನ ಕೊಡುವುದು ಅದರ ಮುಖ್ಯ ಉದ್ದೇಶಗಳಾಗಿದ್ದುವು. ಗಳಗನಾಥರು ತರುಣರಾಗಿದ್ದಾಗ ಬೀಸುತ್ತಿದ್ದ ಗಾಳಿ ಇದು.

ಹಾವೇರಿಯಲ್ಲಿ ಪ್ರಾರಂಭದ ವಿದ್ಯಾಭ್ಯಾಸವನ್ನು ಮುಗಿಸಿ, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಣ ಪಡೆದು, ಅವರು ಕನ್ನಡ ಸಾಲೆಯ ಶಿಕ್ಷಕರಾದರು. ಗುತ್ತಲ ಮೊದಲಾದ ಊರುಗಳಲ್ಲಿ ಕೆಲಸ ಮಾಡಿದರು. ಶಿಕ್ಷಕರಿಗೆ ಆ ಕಾಲದಲ್ಲಿ ಸಿಗುತ್ತಿದ್ದ ಸಂಬಳವು ಅತ್ಯಲ್ಪ. ಆದರೆ ಗೌರವವು ದೊಡ್ಡದು. ಮಕ್ಕಳಿಗೆ ಅಕ್ಷರ ಕಲಿಸುವಾಗ ಅವರಿಗೆ ಒಂದು ಸಂಗತಿಯು ಸ್ಪಷ್ಟವಾಗಿ ಗೋಚರಿಸಿರಬೇಕು. ಅಕ್ಷರವನ್ನು ಕಲಿತ ಹುಡುಗನು ಸಾಲೆಯನ್ನು ಬಿಟ್ಟ ಮೇಲೆ ಏನನ್ನು ಓದಬೇಕು? ಹಳಗನ್ನಡದ ಕಾವ್ಯಗಳು ಅವನಿಗೆ ಎಟುಕವು. ಭಾರತ, ಭಾಗವತಗಳನ್ನು ಓದಿಸಿ ಕೇಳುವ ಪದ್ಧತಿಯಿತ್ತೇ ಹೊರತು, ಒಬ್ಬನೇ ಕುಳಿತು ಆನಂದದಿಂದ ಓದಿಕೊಳ್ಳಬಹುದಾದ ಸರಳ ಗದ್ಯದ ಪುಸ್ತಕಗಳು ಬಹು ವಿರಳವಾಗಿದ್ದುವು. ಓದಲು ಪುಸ್ತಕವಿಲ್ಲದೆ ಕಲಿತ ಅಕ್ಷರವೂ ಕೆಲವು ವರ್ಷಗಳಲ್ಲಿ ಮರೆತುಹೋಗುತ್ತಿದ್ದಿತು. ಇಲ್ಲವೆ ಅವನು ಮರಾಠಿಯ ಪುಸ್ತಕಕ್ಕೆ ಕೈ ಚಾಚುತ್ತಿದ್ದನು.

ಈ ಕೊರತೆಯನ್ನು ತುಂಬಲು ಅವರು ಲೇಖನಿಯನ್ನು ಹಿಡಿದರು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’. ಹತ್ತೊಂಬತ್ತನೆಯ ಶತಮಾನವು ಮುಗಿಯುತ್ತಿದ್ದ ಕಾಲದಲ್ಲಿ ಹೊರಬಂದ ಈ ಕೃತಿಗೆ ವಿದ್ಯಾವರ್ಧಕ ಸಂಘದ ಬಹುಮಾನವು ದೊರೆಯಿತು. ಹಳ್ಳಿಯ ಸಾಲೆಯ ಮಾಸ್ತರರೊಬ್ಬರು ಹೀಗೆ ಕನ್ನಡದ ಕಾದಂಬರಿಕಾರರಾಗಿ ನಾಡಿಗೆ ಪರಿಚಿತರಾದರು.

ಕಾದಂಬರಿ ಎಂಬ ಸಾಹಿತ್ಯಪ್ರಕಾರವು ಆಗ ನಮ್ಮ ದೇಶಕ್ಕೇ ಹೊಸದು. ಸ್ಕಾಟ್ಲೆಂಡಿನ ಸರ್ ವಾಲ್ಟರ್ ಸ್ಕಾಟನು 1814ರಲ್ಲಿ ‘ವೇವರ್ಲಿ’ಯನ್ನು ಪ್ರಕಟಿಸಿ, ತನ್ನ ನಾಡಿನ ಗತಕಾಲವನ್ನು ಕಥೆಯ ರೂಪದಲ್ಲಿ ಹೇಳುವ ಮಾರ್ಗವನ್ನು ತೋರಿದನು. ಬಂಗಾಲದಲ್ಲಿ ಬಂಕಿಮಚಂದ್ರ ಚಟ್ಟೋಪಾಧ್ಯಾಯರು 1865ರಲ್ಲಿ ‘ದುರ್ಗೇಶನಂದಿನಿ’ಯನ್ನು ಬರೆದರು. ಮಹಾರಾಷ್ಟ್ರದಲ್ಲಿ ಹರಿ ನಾರಾಯಣ ಆಪಟೆಯವರು ಪುಣೆಯಲ್ಲಿದ್ದುಕೊಂಡು ‘ಕರಮಣೂಕ’ ಎಂಬ ವಾರಪತ್ರಿಕೆಯನ್ನು ನಡೆಸುತ್ತ, ಅದರಲ್ಲಿ ಸಾಮಾಜಿಕ ಹಾಗೂ ಐತಿಹಾಸಿಕ ಕಾದಂಬರಿಗಳನ್ನು ಕಂತುಕಂತಾಗಿ ಪ್ರಕಟಿಸುತ್ತಿದ್ದರು. ಕನ್ನಡಕ್ಕೆ ಈ ಹೊಸ ಬೆಳೆಯು ಎರಡು ಕಾಲುವೆಗಳಿಂದ ಹರಿದು ಬಂದ ನೀರಿನಿಂದ ಬೆಳೆಯಿತೆನ್ನಬಹುದು. ದಕ್ಷಿಣದಲ್ಲಿ, ಮೈಸೂರು ಸೀಮೆಯಲ್ಲಿ, ಬಿ. ವೆಂಕಟಾಚಾರ್ಯರು ಬಂಗಾಲಿ ಭಾಷೆಯನ್ನು ಕಲಿತು ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಉತ್ತರದಲ್ಲಿ ಗಳಗನಾಥರು ಮರಾಠಿಯಿಂದ ಆಪಟೆಯವರ ಕಾದಂಬರಿಗಳನ್ನು ತಂದರು. ವೆಂಕಟಾಚಾರ್ಯರು 1845ರಲ್ಲಿ ಹುಟ್ಟಿ 1914ರಲ್ಲಿ ತೀರಿಕೊಂಡವರು. ಗಳಗನಾಥರಿಗಿಂತ ಒಂದು ತಲೆಮಾರು ಹಿರಿಯರು. ಇವರಿಬ್ಬರೂ ಕೂಡಿ ಕನ್ನಡಿಗರಿಗೆ ಕಾದಂಬರಿಯ ರುಚಿಯನ್ನು ಹಚ್ಚಿದರು.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಯಾವ ಮರಾಠಿಯ ಭಾರದಿಂದ ಕನ್ನಡವು ನರಳುತ್ತಿದ್ದಿತೋ, ಅದೇ ಮರಾಠಿಯಿಂದ ಕಥೆಗಳನ್ನು ಕಡ ತರುವುದು ಸರಿಯೆ? ಗಳಗನಾಥರ ಕೃತಿಗಳೇ ಇದಕ್ಕೆ ಉತ್ತರವಾಗಿವೆ. ಅವರಿಗೆ ಮರಾಠಿಯ ಮೇಲೆ ದ್ವೇಷವಿರಲಿಲ್ಲ. ಕನ್ನಡದ ಮೇಲೆ ಪ್ರೀತಿಯಿತ್ತು. ನೆರೆಮನೆಯವರ ದೀಪದಿಂದ ತಮ್ಮ ಮನೆಯ ದೀಪವನ್ನು ಹೊತ್ತಿಸಿಕೊಂಡರೆ ನೆರೆಯವರ ದೀಪವು ಆರುವುದಿಲ್ಲ, ತಮ್ಮ ಮನೆಯ ಕತ್ತಲೆಯಂತೂ ಕಳೆಯುವುದು. ಹೊತ್ತಿಸಿಕೊಂಡ ದೀಪಕ್ಕೆ ಎಣ್ಣೆಯನ್ನು ಮಾತ್ರ ಅವರು ತಮ್ಮ ಮನೆಯದನ್ನೇ ಎರೆದರು.

ಅದು ಹೇಗೆಂಬುದನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. 1670ರಲ್ಲಿ ಶಿವಾಜಿ ಮಹಾರಾಜರ ವೀರ ಸರದಾರ ತಾನಾಜಿ ಮಾಲುಸರೆಯು ಕೊಂಡಾಣಾ ದುರ್ಗವನ್ನು ಗೆದ್ದು, ಆ ಯುದ್ಧದಲ್ಲಿಯೇ ಮಡಿದನು. ಈ ಸಂಗತಿಯನ್ನು ಕುರಿತು ಆಪಟೆಯವರು ಬರೆದ ಮರಾಠಿ ಕಾದಂಬರಿಯ ಹೆಸರಿನ ಅರ್ಥವು, ಗಡವೇನೋ ಬಂತು ಆದರೆ ಸಿಂಹವು ಹೋಯಿತು ಎಂದು. ಗಳಗನಾಥರು ಅದನ್ನು ಕನ್ನಡಕ್ಕೆ ತರುವಾಗ, ದುರ್ಗದ ಅಧಿಕಾರಿಯಾದ ಉದಯಭಾನುವಿನ ಸೆರೆಯಲ್ಲಿ ಸಿಕ್ಕಿದ ರಜಪೂತ ತರುಣಿಯ ಹೆಸರನ್ನೇ ಎತ್ತಿಕೊಂಡು ‘ಕಮಲಕುಮಾರಿ’ ಎಂದು ಕರೆದರು. ಮರಾಠಿಯ ಓದುಗನ ದೃಷ್ಟಿಯು ಹೆಸರನ್ನು ಕೇಳಿದೊಡನೆ ಕೋಟೆಯ ಮೇಲೆಯೂ ವೀರನ ಮೇಲೆಯೂ ಬೀಳುತ್ತದೆ. ಕನ್ನಡದ ಓದುಗನ ದೃಷ್ಟಿಯು ಮೊದಲು ಸಂಕಟಕ್ಕೆ ಸಿಕ್ಕ ಒಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ.

ಎರಡನೆಯ ಉದಾಹರಣೆಯು ಇದಕ್ಕಿಂತ ಮಹತ್ವದ್ದು. ವಿಜಯನಗರ ಸಾಮ್ರಾಜ್ಯದ ಪತನವನ್ನು ಕುರಿತು ಆಪಟೆಯವರು ತಮ್ಮ ಕೊನೆಯ ವರ್ಷಗಳಲ್ಲಿ ‘ವಜ್ರಾಘಾತ’ ಎಂಬ ಕಾದಂಬರಿಯನ್ನು ಬರೆದರು. ವಜ್ರಾಘಾತವೆಂದರೆ ಸಿಡಿಲಿನ ಪೆಟ್ಟು. ಸಿಡಿಲು ಮೇಲಿನಿಂದ ಬೀಳುವುದು. ಅದಕ್ಕೆ ಗುರಿಯಾದವನದು ತಪ್ಪೇನೂ ಇರುವುದಿಲ್ಲ. ಗಳಗನಾಥರು ಈ ಕಥೆಯನ್ನು ಕನ್ನಡದಲ್ಲಿ ಬರೆದಾಗ ಅದಕ್ಕೆ ‘ಕನ್ನಡಿಗರ ಕರ್ಮಕಥೆ’ ಎಂಬ ಹೆಸರನ್ನಿಟ್ಟರು. ಒಂದು ಹೆಸರಿನ ಬದಲಾವಣೆಯಿಂದ ಕಥೆಯ ಅರ್ಥವೇ ಬದಲಾಯಿತು. ಬೇರೆಯವರ ಪಾಲಿಗೆ ದೂರದ ದೇಶದಲ್ಲಿ ಬಿದ್ದ ಸಿಡಿಲಾಗಿದ್ದುದು ನಮ್ಮ ಪಾಲಿಗೆ ನಾವೇ ಮಾಡಿಕೊಂಡ ಕರ್ಮದ ಫಲವಾಗಿ ಕಾಣತೊಡಗಿತು. ಸಾಮ್ರಾಜ್ಯವನ್ನು ಕಳೆದುಕೊಂಡುದಕ್ಕೆ ಶತ್ರುವಿನ ಬಲವೊಂದೇ ಕಾರಣವೆ, ಅಥವಾ ಅಧಿಕಾರದಲ್ಲಿದ್ದವರ ಅವಿವೇಕ, ಅಹಂಕಾರ, ಕೊಟ್ಟ ಮಾತಿಗೆ ತಪ್ಪಿದ ಪಾಪಗಳೂ ಕಾರಣವೆ ಎಂದು ಓದುಗನು ತನ್ನನ್ನು ತಾನೇ ಕೇಳಿಕೊಳ್ಳುವಂತೆ ಅವರು ಮಾಡಿದರು. ಹೊಗಳಿಕೆಯಿಂದ ಮಾತ್ರ ನಾಡನ್ನು ಎಚ್ಚರಿಸಲಾಗದೆಂಬುದನ್ನು ಅವರು ಬಲ್ಲವರಾಗಿದ್ದರು.

ಹೈದರಾಬಾದಿನಲ್ಲಿರುವ ನಮಗೆ ಈ ಕಾದಂಬರಿಯ ವಿಷಯವು ಮತ್ತೊಂದು ಕಾರಣದಿಂದಲೂ ಹತ್ತಿರದ್ದು. 1565ರ ಜನವರಿಯಲ್ಲಿ ಕೃಷ್ಣಾ ನದಿಯ ಬಳಿ ನಡೆದ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ರಾಮರಾಯನನ್ನು ಎದುರಿಸಿದ ಸುಲ್ತಾನರಲ್ಲಿ ಗೋಲ್ಕೊಂಡದ ಇಬ್ರಾಹಿಂ ಕುತುಬಶಹನೂ ಒಬ್ಬನು. ನಮ್ಮ ನಗರದ ಹುಸೇನ ಸಾಗರವು 1562-63ರಲ್ಲಿ ನಿರ್ಮಿತವಾದದ್ದು ಇವನ ಆಳಿಕೆಯಲ್ಲಿಯೇ. 1578ರಲ್ಲಿ ಮೂಸಿ ನದಿಗೆ ಪುರಾನಾಪೂಲ ಸೇತುವೆಯನ್ನು ಕಟ್ಟಿಸಿದವನೂ ಇವನೇ. ಆಶ್ಚರ್ಯದ ಮಾತೆಂದರೆ, ಸಿಂಹಾಸನವನ್ನೇರುವುದಕ್ಕೆ ಮೊದಲು ಇವನು ಸುಮಾರು ಏಳು ವರ್ಷಗಳನ್ನು ವಿಜಯನಗರದಲ್ಲಿಯೇ ಆಶ್ರಯ ಪಡೆದು ಕಳೆದಿದ್ದನು. ತೆಲುಗು ಕವಿಗಳನ್ನು ಆದರಿಸಿದವನೂ ಹೌದು. ಆದುದರಿಂದ ಆ ಯುದ್ಧವನ್ನು ಎರಡು ಮತಗಳ ನಡುವಿನ ಹೋರಾಟವೆಂದು ಮಾತ್ರ ತಿಳಿಯುವುದು ಸರಿಯಲ್ಲ. ರಾಜರುಗಳ ಸ್ನೇಹ, ವೈರ, ಲೋಭಗಳು ಅಲ್ಲಿ ಹೆಣೆದುಕೊಂಡಿದ್ದುವು. ಕಾದಂಬರಿಯು ಇತಿಹಾಸವಲ್ಲ; ಇತಿಹಾಸದ ಒಂದು ಎಳೆಯನ್ನು ಹಿಡಿದು ಕಲ್ಪನೆಯಿಂದ ನೇಯ್ದ ಬಟ್ಟೆ. ಗಳಗನಾಥರ ಐತಿಹಾಸಿಕ ಕಾದಂಬರಿಗಳನ್ನು ಓದುವಾಗ ಈ ವಿವೇಕವು ನಮ್ಮಲ್ಲಿರಬೇಕು.

ಪುಸ್ತಕಗಳನ್ನು ಬರೆದರೆ ಆಯಿತೆ? ಅವು ಓದುಗರಿಗೆ ಮುಟ್ಟುವ ಬಗೆ ಹೇಗೆ? 1901ರ ಜನಗಣತಿಯ ಪ್ರಕಾರ ಹಿಂದುಸ್ಥಾನದಲ್ಲಿ ಅಕ್ಷರ ಬಲ್ಲವರು 100ಕ್ಕೆ ಐವರು ಮಾತ್ರ. ಹೆಂಗಸರಲ್ಲಂತೂ 100ಕ್ಕೆ ಒಬ್ಬರೂ ಇರಲಿಲ್ಲ. ಪುಸ್ತಕದ ಅಂಗಡಿಗಳು ಹಳ್ಳಿಗಳಲ್ಲಿ ಇರಲಿಲ್ಲ. ಇಂಥ ಸಮಯದಲ್ಲಿ ಗಳಗನಾಥರಿಗೆ ಅಗಡಿಯ ಆನಂದವನದ ಆಶ್ರಯವು ದೊರೆಯಿತು. ಹಾವೇರಿಗೆ ಸಮೀಪದಲ್ಲಿರುವ ಅಗಡಿಯಲ್ಲಿ ಶ್ರೀ ಶೇಷಾಚಲ ಸಾಧುಗಳ ಆಶ್ರಮವಿದ್ದಿತು. ಅಲ್ಲಿಂದ ಇಪ್ಪತ್ತನೆಯ ಶತಮಾನದ ಮೊದಲನೆಯ ದಶಕದಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಹೊರಡತೊಡಗಿತು. ಗಳಗನಾಥರು ಅದರ ಸಂಪಾದನೆಯ ಭಾರವನ್ನು ಹೊತ್ತರು. ಧರ್ಮ, ನೀತಿಗಳ ಲೇಖನಗಳ ಜೊತೆಗೆ ಅವರ ಕಾದಂಬರಿಗಳೂ ಕಂತುಕಂತಾಗಿ ಅದರಲ್ಲಿ ಬರತೊಡಗಿದುವು.

ಮಾಸಪತ್ರಿಕೆಯ ಈ ಉಪಾಯವು ಬಹು ಯೋಗ್ಯವಾದುದಾಗಿತ್ತು. ದೊಡ್ಡ ಪುಸ್ತಕವನ್ನು ಒಂದೇ ಸಲ ಹಣ ಕೊಟ್ಟು ಕೊಳ್ಳಲಾರದ ಬಡವನೂ ವರ್ಷಕ್ಕೊಮ್ಮೆ ಅಲ್ಪ ಚಂದಾ ಸಲ್ಲಿಸಿ ಪತ್ರಿಕೆಯನ್ನು ತರಿಸಬಹುದಾಗಿದ್ದಿತು. ಅಂಗಡಿಯಿಲ್ಲದ ಹಳ್ಳಿಗೂ ಅಂಚೆಯವನು ಹೋಗುತ್ತಿದ್ದನು. ಒಂದು ಸಂಚಿಕೆಯು ಒಂದು ಮನೆಗೆ ಬಂದರೆ ಓದಬಲ್ಲವನೊಬ್ಬನು ಓದುವನು, ಹತ್ತು ಜನ ಸುತ್ತಲೂ ಕುಳಿತು ಕೇಳುವರು. ಕಥೆಯು ಕುತೂಹಲದ ಸ್ಥಳದಲ್ಲಿ ನಿಂತಿರುವುದರಿಂದ ಮುಂದಿನ ತಿಂಗಳ ಸಂಚಿಕೆಗಾಗಿ ಎಲ್ಲರೂ ದಾರಿ ಕಾಯುವರು. ಕಥೆಯನ್ನು ತಾನೇ ಓದಬೇಕೆಂಬ ಆಸೆಯಿಂದ ಅಕ್ಷರ ಕಲಿಯಲು ಮನಸ್ಸು ಮಾಡುವವರೂ ಉಂಟು. ಸಾಲೆಯ ಮಾಸ್ತರಿಕೆಯನ್ನು ಬಿಟ್ಟ ಗಳಗನಾಥರು ಪತ್ರಿಕೆಯ ಮೂಲಕ ನಾಡಿಗೇ ಮಾಸ್ತರರಾದರು. ಮುಂದೆ ‘ಸದ್ಗುರು’ ಎಂಬ ಮತ್ತೊಂದು ಪತ್ರಿಕೆಯನ್ನೂ ಅವರು ನಡೆಸಿದರು.

ಭಾಷಾಂತರದಿಂದ ಪಳಗಿದ ಕೈಯು ಕ್ರಮೇಣ ಸ್ವತಂತ್ರ ರಚನೆಗೆ ಮುಂದಾಯಿತು. ಅವರ ಸ್ವತಂತ್ರ ಕೃತಿಗಳಲ್ಲಿ ಶ್ರೇಷ್ಠವೆಂದು ಹೆಸರಾದುದು 1923ರಲ್ಲಿ ಪ್ರಕಟವಾದ ‘ಮಾಧವ ಕರುಣಾ ವಿಲಾಸ’. ಅದರ ವಿಷಯ ವಿಜಯನಗರ ಸಾಮ್ರಾಜ್ಯದ ಸ್ಥಾಪನೆ. 1336ರಲ್ಲಿ ಹರಿಹರ, ಬುಕ್ಕರೆಂಬ ಸಹೋದರರು ತುಂಗಭದ್ರೆಯ ದಂಡೆಯ ಮೇಲೆ ರಾಜ್ಯವನ್ನು ಕಟ್ಟಿದುದನ್ನೂ, ಮಾಧವರೆಂಬ ಹೆಸರಿನ ವಿದ್ಯಾರಣ್ಯರು ಅವರಿಗೆ ಗುರುವಾಗಿ ನಿಂತುದನ್ನೂ ಅದರಲ್ಲಿ ವಿಸ್ತಾರವಾಗಿ ಚಿತ್ರಿಸಿದ್ದಾರೆ. ವಿದ್ಯಾರಣ್ಯರ ಪಾತ್ರವನ್ನು ಕುರಿತು ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೆ ಆ ಕಾಲದ ಕನ್ನಡಿಗರಿಗೆ ಬೇಕಾಗಿದ್ದುದು ತಾವು ಹೀನರಲ್ಲವೆಂಬ ನಂಬಿಕೆ. ರಾಬರ್ಟ್ ಸಿವೆಲ್ ಎಂಬ ಆಂಗ್ಲ ಅಧಿಕಾರಿಯು 1900ರಲ್ಲಿ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು ಗ್ರಂಥವನ್ನು ಬರೆದಿದ್ದನು. ಶ್ರೀ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ನಾಡಿನ ಹಿರಿಮೆಯನ್ನು ಸಾರಿದ್ದರು. ವಿದ್ವಾಂಸರ ಗ್ರಂಥಗಳಲ್ಲಿದ್ದ ಆ ಹಿರಿಮೆಯನ್ನು ಕಥೆ ಕೇಳುವ ಸಾಮಾನ್ಯ ಜನರ ಮನೆಯೊಳಕ್ಕೆ ತಂದವರು ಗಳಗನಾಥರು. ಒಂದು ಕಾದಂಬರಿಯಲ್ಲಿ ಸಾಮ್ರಾಜ್ಯವು ಹೇಗೆ ಕಟ್ಟಲ್ಪಟ್ಟಿತೆಂಬುದನ್ನೂ, ಇನ್ನೊಂದರಲ್ಲಿ ಅದು ಹೇಗೆ ಕೆಟ್ಟಿತೆಂಬುದನ್ನೂ ಹೇಳಿ ಅವರು ಕನ್ನಡಿಗರ ಮುಂದೆ ಕನ್ನಡಿಯನ್ನು ಹಿಡಿದರು.

ಇಷ್ಟೆಲ್ಲ ಬರೆದವರಿಗೆ ಐಶ್ವರ್ಯವು ಬಂದಿತೆ? ಇಲ್ಲ. ಅವರ ಬಾಳಿನುದ್ದಕ್ಕೂ ಹಣದ ಅಡಚಣೆಯು ನೆರಳಿನಂತೆ ಹಿಂಬಾಲಿಸಿತು. ಪುಸ್ತಕವನ್ನು ಅಚ್ಚು ಮಾಡಿಸುವುದು ಒಂದು ಕಷ್ಟವಾದರೆ, ಅಚ್ಚಾದ ಪುಸ್ತಕವನ್ನು ಮಾರುವುದು ಅದಕ್ಕಿಂತ ದೊಡ್ಡ ಕಷ್ಟ. ಅವರು ಇದಕ್ಕೆ ನಾಚಲಿಲ್ಲ, ಅಂಜಲಿಲ್ಲ. ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತರು. ಬಿಸಿಲು ಮಳೆಯೆನ್ನದೆ ಊರಿಂದೂರಿಗೆ ನಡೆದರು. ಮನೆಮನೆಗೆ ಹೋಗಿ ಮಾರಿದರು. ಹೆಸರಾಂತ ಕಾದಂಬರಿಕಾರರು, ಪತ್ರಿಕೆಯ ಸಂಪಾದಕರು, ವಯಸ್ಸಾದವರು ಬಾಗಿಲಲ್ಲಿ ನಿಂತು ಕನ್ನಡ ಪುಸ್ತಕವನ್ನು ಕೊಳ್ಳಿರೆಂದು ಕೇಳುವ ಆ ದೃಶ್ಯವನ್ನು ಕಲ್ಪಿಸಿಕೊಂಡರೆ ಇಂದಿಗೂ ನಮ್ಮ ಮನಸ್ಸು ಕರಗುವುದು. ಆದರೆ ಅವರು ಅದನ್ನು ಭಿಕ್ಷೆಯೆಂದು ತಿಳಿಯಲಿಲ್ಲ. ಬಿತ್ತುವ ರೈತನು ಬೀಜದ ಚೀಲವನ್ನು ಹೊರುವುದಕ್ಕೆ ನಾಚುವನೆ?

ಅವರ ಶೈಲಿಯ ಬಗ್ಗೆ ಎರಡು ಮಾತು. ಇಂದಿನವರಿಗೆ ಅವರ ಗದ್ಯವು ತುಸು ಭಾರವೆನಿಸಬಹುದು. ಸಂಸ್ಕೃತ ಪದಗಳು ಹೆಚ್ಚು, ವಾಕ್ಯಗಳು ದೀರ್ಘ. ಕಥೆಯು ವೇಗವಾಗಿ ಓಡುತ್ತಿರುವಾಗ ನಡುವೆ ನಿಂತು ವಾಚಕರನ್ನು ನೇರವಾಗಿ ಕರೆದು, ನೀತಿಯನ್ನು ಹೇಳಿ, ಮತ್ತೆ ಕಥೆಗೆ ಮರಳುವುದು ಅವರ ಪದ್ಧತಿ. ಹೊಸ ವಿಮರ್ಶಕರು ಇದನ್ನು ದೋಷವೆಂದು ಎಣಿಸುತ್ತಾರೆ. ಭಾಷಾಂತರಗಳೇ ಹೆಚ್ಚೆಂದು ಆಕ್ಷೇಪಿಸುವವರೂ ಇದ್ದಾರೆ. ಈ ಮಾತುಗಳಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಅವರ ಎದುರಿಗೆ ಕುಳಿತಿದ್ದ ಓದುಗನು ಯಾರು? ಪುರಾಣವನ್ನು ಕೇಳಿ ಬಲ್ಲವನು, ಕಾದಂಬರಿಯನ್ನು ಎಂದೂ ಕಾಣದವನು. ಪುರಾಣಿಕರು ಕಥೆಯ ನಡುವೆ ನಿಂತು ಅರ್ಥವನ್ನು ಹೇಳುವಂತೆ ಇವರೂ ಹೇಳಿದರು. ಪರಿಚಿತವಾದ ದನಿಯಲ್ಲಿ ಹೊಸ ವಸ್ತುವನ್ನು ಕೊಟ್ಟುದರಿಂದಲೇ ಜನರು ಅದನ್ನು ಸ್ವೀಕರಿಸಿದರು. ಮುಂದೆ ಬಂದ ದೊಡ್ಡ ಕಾದಂಬರಿಕಾರರಿಗೆ ಓದುಗರು ಸಿದ್ಧರಾಗಿ ದೊರೆತುದು ಇವರು ಉತ್ತು ಹದಗೊಳಿಸಿದ ನೆಲದಿಂದಲೇ.

1942ರ ಏಪ್ರಿಲ್ 22ರಂದು ಗಳಗನಾಥರು ದೇಹವನ್ನು ಬಿಟ್ಟರು. ಆಗ ಅವರಿಗೆ 73 ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದುದನ್ನು ಅವರು ಕಾಣಲಿಲ್ಲ. ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ್ 1ರಂದು ಒಂದಾದುದನ್ನೂ ಕಾಣಲಿಲ್ಲ. ಆದರೆ ಮುಂಬಯಿ ಪ್ರಾಂತದ ಕನ್ನಡಿಗನೂ, ಮೈಸೂರಿನ ಕನ್ನಡಿಗನೂ, ನಿಜಾಮರ ಸೀಮೆಯ ಕನ್ನಡಿಗನೂ ಒಂದೇ ಕಥೆಯನ್ನು ಓದಿ ಒಂದೇ ಬಗೆಯಾಗಿ ಕಣ್ಣೀರು ಸುರಿಸಬಲ್ಲರೆಂಬುದನ್ನು ಅವರ ಪುಸ್ತಕಗಳು ಮೊದಲೇ ತೋರಿಸಿಕೊಟ್ಟಿದ್ದುವು. ನೆಲವು ಒಂದಾಗುವುದಕ್ಕೆ ಮುಂಚೆ ಮನಸ್ಸುಗಳು ಒಂದಾಗಬೇಕಷ್ಟೆ. ಕೃತಜ್ಞರಾದ ಕನ್ನಡಿಗರು ಅವರನ್ನು ಕಾದಂಬರೀ ಪಿತಾಮಹರೆಂದು ಕರೆದು ಗೌರವಿಸಿದರು.

ವಿದ್ಯಾರ್ಥಿ ಮಿತ್ರರೇ, ಗಳಗನಾಥ ಗ್ರಾಮದ ಗುಡಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆಯು ಹಂಪೆಯನ್ನು ಬಳಸಿ, ಮಂತ್ರಾಲಯ, ಕರ್ನೂಲುಗಳನ್ನು ದಾಟಿ, ನಮ್ಮ ತೆಲಂಗಾಣದ ಆಲಂಪುರದ ಬಳಿಗೂ ಬರುತ್ತಾಳೆ. ಅಲ್ಲಿಂದ ಮುಂದೆ ಕೃಷ್ಣೆಯನ್ನು ಕೂಡುತ್ತಾಳೆ. ಹೊಳೆಗೆ ಗಡಿಯಿಲ್ಲ; ನುಡಿಗೂ ಇಲ್ಲ. ಕುಷಾಯಿಗೂಡದ ಬೀದಿಯಲ್ಲಿ ತೆಲುಗು, ಉರ್ದು, ಹಿಂದಿಗಳನ್ನು ಕೇಳುತ್ತ, ಸಾಲೆಯಲ್ಲಿ ಕನ್ನಡವನ್ನು ಓದುವ ನಮ್ಮ ಸ್ಥಿತಿಯು ಅಂದಿನ ಧಾರವಾಡ ಸೀಮೆಯ ಹುಡುಗರ ಸ್ಥಿತಿಗೆ ಬಹು ಹತ್ತಿರದ್ದಾಗಿದೆ. ನೆರೆಯ ಭಾಷೆಗಳನ್ನು ದ್ವೇಷಿಸಬೇಕಾಗಿಲ್ಲ, ಅವುಗಳಿಗೆ ಅಂಜಬೇಕಾಗಿಯೂ ಇಲ್ಲ; ಅವನ್ನು ಚೆನ್ನಾಗಿ ಕಲಿತು, ಅವುಗಳಲ್ಲಿರುವ ಒಳ್ಳೆಯದನ್ನು ಕನ್ನಡಕ್ಕೆ ತರಬೇಕೆಂಬುದೇ ಗಳಗನಾಥರ ಬಾಳು ನಮಗೆ ತೋರುವ ದಾರಿ. ನಮ್ಮಲ್ಲಿ ತೆಲುಗನ್ನೂ ಉರ್ದುವನ್ನೂ ಬಲ್ಲವರು ಎಷ್ಟೋ ಜನರಿದ್ದಾರೆ. ಮರಾಠಿಯನ್ನು ಬಲ್ಲ ಒಬ್ಬ ಸಾಲೆಯ ಮಾಸ್ತರರು ಕನ್ನಡಕ್ಕೆ ಇಷ್ಟನ್ನು ತಂದುಕೊಟ್ಟರೆ, ನಾವು ಒಂದು ಸಣ್ಣ ಕಥೆಯನ್ನಾದರೂ ತಂದುಕೊಡಲಾರೆವೆ?

ಅಷ್ಟನ್ನು ಮಾಡಲಾಗದಿದ್ದರೂ ಮತ್ತೊಂದು ಕೆಲಸವು ನಮ್ಮೆಲ್ಲರ ಕೈಯಲ್ಲಿದೆ. ಅವರು ಪುಸ್ತಕಗಳನ್ನು ಹೊತ್ತು ಓದುಗರನ್ನು ಹುಡುಕುತ್ತ ನಡೆದರು. ನಾವು ಗ್ರಂಥಾಲಯದ ವರೆಗೆ ನಡೆದು ಒಂದು ಕನ್ನಡ ಪುಸ್ತಕವನ್ನು ತೆರೆದು ಓದಿದರೆ ಅವರು ಪಟ್ಟ ಶ್ರಮವು ಸಾರ್ಥಕವಾಗುವುದು.